ಎರಡಾಣೆಯನ್ನು ಹುಡುಕಿಕೊಂಡು ಹೋದ ಡಾಕ್ಟರು: ಟಿ. ಎಂ. ಎ. ಪೈ

ಬೈಲಹೊಂಗಲದ ಪೇಟೆಯಲ್ಲಿ ಸಂಜೆಯಾಯಿತೆಂದರೆ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬಾತ ಅಂಗಡಿಯಿಂದ ಅಂಗಡಿಗೆ, ಕಾಯಿಪಲ್ಲೆಯವರಿಂದ ಎಲೆ ಅಡಿಕೆಯವರ ಕಡೆಗೆ ತಿರುಗುತ್ತ, ಹತ್ತು ರೂಪಾಯಿ ಇಪ್ಪತ್ತು ರೂಪಾಯಿ ಪಡೆದು, ಕೈಯಂತ್ರದಿಂದ ಒಂದು ಚೀಟಿ ಹರಿದು ಕೊಟ್ಟು ಮುಂದಕ್ಕೆ ಹೋಗುವುದನ್ನು ನಾವೆಲ್ಲರೂ ಕಂಡವರೇ. ಅವನನ್ನು ಜನ ಪಿಗ್ಮಿಯವನೆಂದು ಕರೆಯುತ್ತಾರೆ. ಪಿಗ್ಮಿ ಎಂಬುದು ಇಂಗ್ಲಿಷ್ ಶಬ್ದವೆಂದೂ, ಗಿಡ್ಡ ಎಂದು ಅದರ ಅರ್ಥವೆಂದೂ ಹಣ ಕಟ್ಟುವ ಎಷ್ಟೋ ಜನರಿಗೆ ತಿಳಿಯದು. ಅದು ಈಗ ಉಪ್ಪು, ಎಣ್ಣೆಗಳಂತೆ ಪೇಟೆಯ ಮಾತೇ ಆಗಿಬಿಟ್ಟಿದೆ. ಈ ಪದ್ಧತಿಯನ್ನು ಸುಮಾರು ನೂರು ವರ್ಷಗಳ ಹಿಂದೆ ನಮ್ಮ ನಾಡಿನಲ್ಲಿ ತೊಡಗಿಸಿದವರಲ್ಲಿ ಮುಖ್ಯರು ಒಬ್ಬ ವೈದ್ಯರು. ಬಡ ದೇಶದಲ್ಲಿ ಬ್ಯಾಂಕಿಗೆ ಸಮಾಜದ ಹೊಣೆಯೆಂಬುದು ಉಂಟೇ ಎಂಬ ಪ್ರಶ್ನೆ ಅರ್ಥಶಾಸ್ತ್ರದ ತರಗತಿಯಲ್ಲಿ ಬಂದಾಗಲೆಲ್ಲ ನನಗೆ ಪುಸ್ತಕದ ಸೂತ್ರಗಳಿಗಿಂತ ಈ ವೈದ್ಯರ ಜೀವನವೇ ಹೆಚ್ಚು ನೆನಪಾಗುತ್ತದೆ.

ತೋನ್ಸೆ ಮಾಧವ ಅನಂತ ಪೈ ಅವರು ಉಡುಪಿಗೆ ಸಮೀಪದ ಕಲ್ಯಾಣಪುರದಲ್ಲಿ 1898ನೆಯ ಇಸವಿ ಏಪ್ರಿಲ್ 30ರಂದು ಹುಟ್ಟಿದರು. ಮದರಾಸಿನಲ್ಲಿ ವೈದ್ಯವಿದ್ಯೆಯನ್ನು ಕಲಿತರು. ಹೊರಗೆ ಎಲ್ಲಿಯಾದರೂ ಹೋಗಿ ಹೆಸರು, ಹಣ ಎರಡನ್ನೂ ಗಳಿಸಬಹುದಾಗಿತ್ತು. ಆದರೆ ತಾಯಿಯ ಇಚ್ಛೆಯಂತೆ ಊರ ಕಡೆಗೇ ಹಿಂದಿರುಗಿ, ಉಡುಪಿಯ ಮಗ್ಗುಲಲ್ಲಿ, ಆಗ ಬೋಳುಗುಡ್ಡವಾಗಿದ್ದ ಮಣಿಪಾಲದಲ್ಲಿ ನೆಲೆಸಿದರು. ಹಳ್ಳಿಯ ಡಾಕ್ಟರು ಕಾಣುವಷ್ಟು ಮನೆಗಳ ಒಳಗನ್ನು ಮತ್ತಾರೂ ಕಾಣರು. ಯಾವ ಮನೆಯಲ್ಲಿ ಔಷಧಕ್ಕೆ ನಾಲ್ಕಾಣೆಯಿಲ್ಲ, ಯಾವ ಮನೆಯಲ್ಲಿ ಜಡ್ಡು ಬಿದ್ದ ದಿನವೇ ತಾಮ್ರದ ಕೊಡ ಒತ್ತೆ ಹೋಗುತ್ತದೆ ಎಂಬುದು ಅವನಿಗೆ ಗೊತ್ತು. ರೋಗ, ಅಜ್ಞಾನ, ಬಡತನ ಈ ಮೂರನ್ನೂ ಒಟ್ಟಿಗೇ ಎದುರಿಸಬೇಕೆಂಬ ವಿಚಾರವು ಪೈ ಅವರಲ್ಲಿ ಕೊನೆಯವರೆಗೂ ಇದ್ದಿತು. ಅದು ಮೂಡಿದ್ದು ಈ ವೃತ್ತಿಯಿಂದಲೇ ಇರಬೇಕೆಂದು ನಾನು ಊಹಿಸುತ್ತೇನೆ.

ಅವರ ಜಿಲ್ಲೆಯಾದ ದಕ್ಷಿಣ ಕನ್ನಡವಾದರೋ ಬ್ಯಾಂಕುಗಳ ತವರು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲಸಂಸ್ಥೆಯನ್ನೂ, ಅದೇ ವರ್ಷ ಹಾಜಿ ಅಬ್ದುಲ್ಲಾ ಅವರು ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಾಗಿ ಬೆಳೆದ ಸಂಸ್ಥೆಯನ್ನೂ ಕಟ್ಟಿದ್ದರು. ಆದುದರಿಂದ ಮತ್ತೊಂದು ಬ್ಯಾಂಕು ಹುಟ್ಟಿತೆಂಬುದರಲ್ಲಿ ಸೋಜಿಗವೇನೂ ಇಲ್ಲ. ಅದು ಯಾರಿಗಾಗಿ ಹುಟ್ಟಿತೆಂಬುದನ್ನು ನೋಡಬೇಕು. 1920ರ ದಶಕದಲ್ಲಿ ಕೈಮಗ್ಗದ ಕಸುಬು ಕುಸಿದು ಆ ಭಾಗದ ನೇಕಾರರು ದಿಕ್ಕುಗೆಟ್ಟಿದ್ದರು. ಅವರಿಗೆ ಹಣದ ನೆರವು ದೊರೆಯಲೆಂದು 1925ರಲ್ಲಿ ಡಾಕ್ಟರ್ ಪೈ ಅವರೂ, ಜವಳಿ ವ್ಯಾಪಾರಿಗಳಾಗಿದ್ದ ಅವರ ಅಣ್ಣ ಉಪೇಂದ್ರ ಪೈ ಅವರೂ, ಇಂಜಿನಿಯರ್ ವಾಮನ ಶ್ರೀನಿವಾಸ ಕುಡ್ವ ಅವರೂ ಕೂಡಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ತೆರೆದರು. ಬಂಡವಾಳ ಎಂಟು ಸಾವಿರ ರೂಪಾಯಿ. ಇದೇ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಯಿತು.

ನೇಕಾರನ ಕಷ್ಟವೆಂದರೇನು ಎಂಬುದನ್ನು ನಮ್ಮ ಕಡೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ರಾಮದುರ್ಗದ ಓಣಿಗಳಲ್ಲಿ ಮಗ್ಗದ ಸಪ್ಪಳ ಕೇಳಿದವರಿಗೆ ಅದು ಗೊತ್ತಿದೆ. ಕೈಯಲ್ಲಿ ಕಸುಬಿದೆ, ಮನೆಯಲ್ಲಿ ಮಗ್ಗವಿದೆ, ನೂಲಿಗೆ ಮಾತ್ರ ಹಣವಿಲ್ಲ. ನೂಲನ್ನು ಸಾವಕಾರನಿಂದ ತಂದರೆ ನೇಯ್ದ ಸೀರೆಯನ್ನು ಅವನಿಗೇ ಒಪ್ಪಿಸಬೇಕು. ಅವನು ಹೇಳಿದ್ದೇ ಮಜೂರಿ. ಇಂಥವನಿಗೆ ಸಕಾಲದಲ್ಲಿ ಐವತ್ತು ರೂಪಾಯಿ ಸಿಕ್ಕಿದರೆ ಅವನು ತನ್ನ ಸೀರೆಗೆ ತಾನೇ ಒಡೆಯನಾಗುತ್ತಾನೆ. ಆದರೆ ಎಂಟು ಸಾವಿರ ರೂಪಾಯಿಯಲ್ಲಿ ಎಷ್ಟು ಜನಕ್ಕೆ ಐವತ್ತು ಕೊಡಲಾದೀತು? ಹಣವನ್ನು ಎಲ್ಲಿಂದಲಾದರೂ ತರಬೇಕಾಗಿತ್ತು. ಸಿರಿವಂತರ ಠೇವಣಿ ಆಗಲೇ ಬೇರೆ ಬ್ಯಾಂಕುಗಳಲ್ಲಿತ್ತು.

ಈ ಬಿಕ್ಕಟ್ಟಿನಿಂದಲೇ 1928ರಲ್ಲಿ ಪಿಗ್ಮಿ ಠೇವಣಿ ಹೊರಟಿತು. ದಿನಕ್ಕೆ ಎರಡಾಣೆಯಾದರೂ ಸಾಕು; ಬ್ಯಾಂಕಿನ ಪ್ರತಿನಿಧಿಯೇ ಮನೆಬಾಗಿಲಿಗೆ ಬಂದು ಒಯ್ಯುತ್ತಾನೆ. ಲೆಕ್ಕ ಹಾಕಿದರೆ ಎರಡಾಣೆಯಂತೆ ಒಂದು ವರ್ಷಕ್ಕೆ 45 ರೂಪಾಯಿ 10 ಆಣೆ. ಕೂಲಿಯವನು ಒಟ್ಟಾಗಿ 45 ರೂಪಾಯಿಯನ್ನು ಕಾಣುವುದೇ ದುರ್ಲಭವಾಗಿದ್ದ ಕಾಲವದು. ಬಡವನು ಉಳಿಸಲಾರನು ಎಂದು ದೊಡ್ಡ ಬ್ಯಾಂಕುಗಳವರು ತಿಳಿದಿದ್ದರು. ಬಡವನಿಗೆ ಉಳಿಸುವ ಸ್ಥಳವಿಲ್ಲ ಎಂದು ಪೈ ಅವರು ಕಂಡುಕೊಂಡರು. ಇವೆರಡರ ನಡುವೆ ಎಷ್ಟು ಅಂತರವಿದೆ ನೋಡಿರಿ! ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವನು, ಸಹಿ ಮಾಡಲು ಬಾರದವನು, ಅರ್ಧ ದಿನದ ಕೂಲಿ ಬಿಟ್ಟು ಗಲ್ಲೆಯ ಮುಂದೆ ನಿಲ್ಲಲಾರದವನು, ಇವರೆಲ್ಲರ ಮನೆಗೆ ಬ್ಯಾಂಕೇ ನಡೆದು ಹೋಯಿತು. ಅದೇ 1928ರಲ್ಲಿ ಮೊದಲ ಶಾಖೆಯನ್ನು ತೆರೆದದ್ದೂ ಬ್ರಹ್ಮಾವರವೆಂಬ ಚಿಕ್ಕ ಊರಿನಲ್ಲಿ.

ಇಲ್ಲಿ ಒಂದು ಮಾತನ್ನು ಹೇಳದೆ ಹೋದರೆ ಅನ್ಯಾಯವಾಗುತ್ತದೆ. ಬಿಸಿಲಿನಲ್ಲಿ ತಿರುಗಿ ಹಣ ಕೂಡಿಸಿದವನು ಬ್ಯಾಂಕಿನ ನೌಕರನಾಗಿರಲಿಲ್ಲ. ಕೂಡಿಸಿದ ಹಣದ ಮೇಲೆ ಕಮಿಷನ್ ಅಷ್ಟೇ ಅವನದು. ಜಡ್ಡಾಗಿ ಮಲಗಿದ ದಿನ ಅವನಿಗೆ ಏನೂ ಇಲ್ಲ. ಈ ಠೇವಣಿ ಸಂಗ್ರಹಕಾರರು ಕಾನೂನಿನ ಪ್ರಕಾರ ಕಾರ್ಮಿಕರೇ ಸರಿ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಡುವ ಹೊತ್ತಿಗೆ 2001ನೆಯ ಇಸವಿಯಾಗಿತ್ತು. ಬಡವರ ಉಳಿತಾಯವನ್ನು ಚಿಂತಿಸಿದವರು ಅದನ್ನು ಹೊತ್ತು ತಂದವನನ್ನು ಇನ್ನಷ್ಟು ಚಿಂತಿಸಬಹುದಾಗಿತ್ತು.

ಮಣಿಪಾಲದ ಶಾಲೆ ಕಾಲೇಜುಗಳ ಕಥೆಯನ್ನು ಎಲ್ಲರೂ ಬಲ್ಲರು. ಅದನ್ನು ಚಿಕ್ಕದಾಗಿ ಹೇಳುತ್ತೇನೆ. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್, 1949ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು, 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು. ವೈದ್ಯಕೀಯ ಕಾಲೇಜಿಗೆ ಮೊದಲು ಮಾನ್ಯತೆ ಕೊಟ್ಟದ್ದು ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೆಂಬುದು ನಮಗೆ ಹೆಮ್ಮೆಯ ವಿಷಯ. ಸರ್ಕಾರದ ಬೊಕ್ಕಸವನ್ನು ಕಾಯದೆ, ಕಲಿಯುವವರಿಂದಲೇ ಹಣ ಪಡೆದು ಕಾಲೇಜು ನಡೆಸುವ ದಾರಿಯನ್ನು ಅವರು ಹಿಡಿದರು. ಆ ದಾರಿಯಿಂದ ದೇಶಕ್ಕೆ ಸಾವಿರಾರು ವೈದ್ಯರು ದೊರೆತರು, ನಿಜ. ಎರಡಾಣೆಯವನ ಮಗ ಅಲ್ಲಿ ಎಷ್ಟರಮಟ್ಟಿಗೆ ಕಲಿಯಬಲ್ಲವನಾಗಿದ್ದ ಎಂಬ ಸಂಶಯ ಸರ್ಕಾರಿ ಕಾಲೇಜಿನಲ್ಲಿ ಓದುತ್ತಿರುವ ನನಗೆ ಬಂದರೆ ತಪ್ಪೆಣಿಸಬಾರದು.

ಈಗ ಮತ್ತೆ ಬ್ಯಾಂಕಿಗೆ ಬರೋಣ. ತೆಗೆದುಕೊಳ್ಳುವುದನ್ನು ಪೈ ಅವರು ಬಡವನ ಬಾಗಿಲಿಗೆ ಒಯ್ದರು. ಕೊಡುವುದೂ ಅದೇ ಬಾಗಿಲಿಗೆ ಹೋಯಿತೇ? ಇಡೀ ದೇಶದ ಸ್ಥಿತಿಯನ್ನು ಮೊದಲು ನೋಡಬೇಕು. ಗೋರವಾಲಾ ಸಮಿತಿಯವರು 1951-52ರಲ್ಲಿ ನಡೆಸಿದ ಗ್ರಾಮೀಣ ಸಾಲದ ಪರಿಶೀಲನೆಯಲ್ಲಿ, ಒಕ್ಕಲಿಗನು ಪಡೆದ ನೂರು ರೂಪಾಯಿ ಸಾಲದಲ್ಲಿ ಸುಮಾರು 70 ರೂಪಾಯಿ ಲೇವಾದೇವಿಯವರದು, 3 ರೂಪಾಯಿ ಚಿಲ್ಲರೆ ಸಹಕಾರಿ ಸಂಘಗಳದು, ವಾಣಿಜ್ಯ ಬ್ಯಾಂಕುಗಳದು ಒಂದು ರೂಪಾಯಿಗೂ ಕಡಿಮೆ ಎಂದು ಕಂಡುಬಂದಿತು. ನಮ್ಮ ನೆರೆಯ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿಯೇ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿ ದಾರಿ ತೋರಿದ್ದರೂ, ಅರ್ಧ ಶತಮಾನದ ಮೇಲೆ ಇಷ್ಟೇ ಫಲ! 1967ರಲ್ಲಿಯೂ ಬ್ಯಾಂಕುಗಳು ಕೊಟ್ಟ ಒಟ್ಟು ಸಾಲದಲ್ಲಿ ಒಕ್ಕಲುತನದ ಪಾಲು ನೂರಕ್ಕೆ ಎರಡರ ಸುಮಾರಿನಲ್ಲಿತ್ತು.

ಇಂಥ ಕಾಲದಲ್ಲಿ ಸಿಂಡಿಕೇಟ್ ಬ್ಯಾಂಕು ಉಳಿದವುಗಳಿಗಿಂತ ಮುಂದಿತ್ತೆಂಬುದನ್ನು ಒಪ್ಪಬೇಕು. ಡಾಕ್ಟರರ ಅಣ್ಣನ ಮಗ ಟಿ. ಎ. ಪೈ ಅವರ ಆಡಳಿತದಲ್ಲಿ ಅದು ರಾಷ್ಟ್ರೀಕರಣಕ್ಕೆ ಮೊದಲೇ ರೈತನ ಸಾಲದ ಕಡೆಗೆ ಹೊರಳಿತು. 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮಹಿಳೆಯರೇ ನಡೆಸುವ ಶಾಖೆಯನ್ನು ತೆರೆಯಿತು. 1969ರ ಜುಲೈ 19ರಂದು, 50 ಕೋಟಿ ರೂಪಾಯಿಗೆ ಮೀರಿದ ಠೇವಣಿಯಿದ್ದ ಹದಿನಾಲ್ಕು ಬ್ಯಾಂಕುಗಳನ್ನು ಸರ್ಕಾರ ವಶಪಡಿಸಿಕೊಂಡಾಗ ಅವುಗಳಲ್ಲಿ ಇದೂ ಒಂದು. ಎಂಟು ಸಾವಿರದಿಂದ ಅಲ್ಲಿಗೆ ನಲವತ್ತನಾಲ್ಕು ವರ್ಷ. ಎರಡೆರಡಾಣೆ ಕೂಡಿಸಿ ಕಟ್ಟಿದ್ದು ಒಂದು ರಾತ್ರಿಯಲ್ಲಿ ಕೈಬಿಟ್ಟಿತು. ಡಾಕ್ಟರಿಗೆ ಆಗ 71 ವರ್ಷ.

ರಾಷ್ಟ್ರೀಕೃತ ಸಿಂಡಿಕೇಟ್ ಬ್ಯಾಂಕೇ 1975ರ ಅಕ್ಟೋಬರ್ 2ರಂದು ಉತ್ತರಪ್ರದೇಶದ ಮೊರಾದಾಬಾದಿನಲ್ಲಿ ಪ್ರಥಮಾ ಗ್ರಾಮೀಣ ಬ್ಯಾಂಕನ್ನು ಪ್ರಾಯೋಜಿಸಿತು. ಮರುವರ್ಷ, 1976ರಲ್ಲಿ, ಧಾರವಾಡದಲ್ಲಿ ಅದೇ ಬ್ಯಾಂಕಿನ ಆಸರೆಯಿಂದ ಮಲಪ್ರಭಾ ಗ್ರಾಮೀಣ ಬ್ಯಾಂಕು ಹುಟ್ಟಿತು. ಸವದತ್ತಿಯ ನವಿಲುತೀರ್ಥದಲ್ಲಿ ಕಟ್ಟೆ ಕಟ್ಟಿಸಿಕೊಂಡು ರಾಮದುರ್ಗದತ್ತ ಹರಿಯುವ ನಮ್ಮ ನದಿಯ ಹೆಸರೇ ಅದಕ್ಕೆ. ಉಡುಪಿಯ ನೇಕಾರನಿಗಾಗಿ ಹಚ್ಚಿದ ದೀಪ ಸುತ್ತಿ ಬಳಸಿ, ಐವತ್ತು ವರ್ಷಗಳ ಮೇಲೆ ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಿಗೆ ಹೀಗೆ ಬಂದಿತು. 1972ರಲ್ಲಿ ಪದ್ಮಶ್ರೀ ಪಡೆದಿದ್ದ ಪೈ ಅವರು 1979ರಲ್ಲಿ ತೀರಿಕೊಂಡರು.

ನನ್ನ ಮನೆಯ ಸಂಗತಿಯೊಂದನ್ನು ಹೇಳಲು ವಾಚಕರು ಅಪ್ಪಣೆ ಕೊಡಬೇಕು. ನಮ್ಮ ತಾಯಿಯವರು ಪೇಟೆಯಲ್ಲಿ ಕಾಯಿಪಲ್ಲೆ ಮಾರುತ್ತಾರೆ. ಹನ್ನೊಂದು ವರ್ಷಗಳಿಂದ ಒಂದು ದಿನವೂ ತಪ್ಪದೆ ಪಿಗ್ಮಿ ಕಟ್ಟಿದ್ದಾರೆ. ನಾನು ಕಾಲೇಜಿಗೆ ಸೇರಿದ್ದು ಆ ಹಣದಿಂದಲೇ. ಎರಡು ವರ್ಷದ ಹಿಂದೆ ತಳ್ಳುವ ಗಾಡಿ ಕೊಳ್ಳಲು ಸಾಲ ಬೇಕಾಯಿತು. ಪಿಗ್ಮಿಯಲ್ಲಿ ಆಗ ಇದ್ದ ಹಣದ ಮೇಲೆ ಸಿಗುತ್ತಿದ್ದುದು, ಅಂದರೆ ತಮ್ಮ ಹಣವನ್ನೇ ತಾವು ಬಡ್ಡಿ ಕೊಟ್ಟು ಪಡೆಯುವುದು, ಗಾಡಿಗೆ ಸಾಲದು. ಒಂದು ಬ್ಯಾಂಕಿನಲ್ಲಿ ಉಳಿದುದಕ್ಕೆ ಕೇಳಿದರೆ ಜಾಮೀನು ತನ್ನಿರಿ, ಆದಾಯದ ಪತ್ರ ತನ್ನಿರಿ ಎಂದು ಮೂರು ಸಲ ಅಲೆದಾಡಿಸಿದರು. ಅಷ್ಟು ವರ್ಷಗಳ ಚೀಟಿಗಳು ಅವರಿಗೆ ಆದಾಯದ ಪತ್ರವಾಗಿ ಕಾಣಲಿಲ್ಲ. ಕಡೆಗೆ ಓಣಿಯ ಹೆಂಗಸರ ಗುಂಪಿನಲ್ಲಿ ಸೇರಿ ಮೈಕ್ರೋಫೈನಾನ್ಸಿನವರಿಂದ ಪಡೆದರು. ಹೀಗೆ ನಮ್ಮ ಬಾಗಿಲಿಗೆ ಈಗ ಇಬ್ಬರು ಬರುತ್ತಾರೆ: ಉಳಿತಾಯ ಒಯ್ಯುವವನೊಬ್ಬ, ಕಂತು ವಸೂಲಿಯವನೊಬ್ಬ. ಇಂಥ ವಸೂಲಿಯ ಕಿರುಕುಳ ನಾಡಿನಲ್ಲಿ ಎಷ್ಟಕ್ಕೆ ಹೋಗಿತ್ತೆಂದರೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ಪೈ ಅವರ ಮೇಲೆ ಇದರ ದೋಷವನ್ನು ಹೊರಿಸುವುದು ಸಲ್ಲದು. ಎರಡಾಣೆಯವನನ್ನು ನಂಬಲರ್ಹನೆಂದು ಅವರು ಠೇವಣಿಯ ಪುಸ್ತಕದಲ್ಲಿ ಬರೆದಿಟ್ಟರು. ಆ ನಂಬಿಕೆಯನ್ನು ಸಾಲದ ಪುಸ್ತಕದಲ್ಲಿಯೂ ಬರೆಯುವ ಕೆಲಸ ಅವರ ನಂತರದವರದು. ಒಟ್ಟು ಸಾಲದಲ್ಲಿ ನೂರಕ್ಕೆ 40ರಷ್ಟು ಆದ್ಯತಾ ವಲಯಕ್ಕೆ, ಅದರೊಳಗೆ ಒಕ್ಕಲುತನಕ್ಕೆ 18ರಷ್ಟು ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿರುವುದೇನೋ ಉಂಟು. ಆದರೆ ವಿಧಿಯಿಂದ ಕೊಡುವವನು ಗಲ್ಲೆಯ ಹಿಂದೆಯೇ ಕುಳಿತಿರುತ್ತಾನೆ, ಎದ್ದು ಬಾಗಿಲಿಗೆ ಬರುವುದಿಲ್ಲ.

ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಮಲಪ್ರಭಾ ಗ್ರಾಮೀಣ ಬ್ಯಾಂಕು 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾಗಿ, 2025ರ ಮೇ ತಿಂಗಳಿನಿಂದ ಬಳ್ಳಾರಿಯಲ್ಲಿ ಮುಖ್ಯ ಕಚೇರಿಯುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕಾಗಿದೆ. ಹಲಗೆಯ ಮೇಲಿನ ಹೆಸರು ಎರಡು ಸಲ ಬದಲಾಯಿತು. ನಮ್ಮ ಓಣಿಯ ಹಿರಿಯರು ಮಾತ್ರ ಇಂದಿಗೂ ಪಿಂಚಣಿ ತರಲು ಹೊರಟಾಗ ಮಲಪ್ರಭಾಕ್ಕೆ ಹೋಗಿ ಬರುತ್ತೇವೆ ಎಂದೇ ಹೇಳುತ್ತಾರೆ.