ಗಂಗಾರಾಮರ ಹೋಟೆಲ್ಲಿಗೆ ಬಂದ ಮಹಾರಾಜರು

ನಮ್ಮ ಸಮಾಜಮಂದಿರಗಳಾಗ ಬಾಬಾಸಾಹೇಬರ ಫೋಟೋದ ಬಾಜೂಕ ರಾಜರ್ಷಿ ಶಾಹು ಮಹಾರಾಜರ ಫೋಟೋನೂ ಇರತೈತಿ. ಹಾರ ಹಾಕ್ತೀವಿ. ಆದರ ಅವರು ನಮ್ಮ ಮಂದಿಗೆ ಅಂಗಡಿ ಹಾಕಿಸಿ, ವ್ಯಾಪಾರ ಕುದುರಿಸಿದ ಕಥೆ ನಮ್ಮ ಎಷ್ಟೋ ಹುಡುಗರಿಗೆ ಗೊತ್ತಿಲ್ಲ.

ಶಾಹು ಮಹಾರಾಜರು 1874ರ ಜೂನ್ 26ರಂದು ಕಾಗಲದ ಘಾಟಗೆ ಮನೆತನದಲ್ಲಿ ಹುಟ್ಟಿದರು. ಮೊದಲಿನ ಹೆಸರು ಯಶವಂತರಾವ್. 1884ರಲ್ಲಿ ಕೊಲ್ಹಾಪುರ ಗಾದಿಗೆ ದತ್ತು ಹೋದರು, 1894ರಲ್ಲಿ ರಾಜ್ಯಭಾರ ವಹಿಸಿಕೊಂಡರು. ಕನ್ನಡ ಸೀಮೆಯ ರಾಯಬಾಗವೂ ಆಗ ಅವರ ರಾಜ್ಯದೊಳಗೇ ಇತ್ತು. 1902ರಲ್ಲಿ ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಶೇಕಡಾ 50 ಜಾಗ ಮೀಸಲಿಟ್ಟರು. ಬಡ ಮಕ್ಕಳಿಗೆ ವಸತಿಗೃಹ ಕಟ್ಟಿಸಿದರು. ಬಟ್ಟೆ ಗಿರಣಿ ಹಾಕಿದರು, ಶಾಹುಪುರಿಯಲ್ಲಿ ಬೆಲ್ಲದ ಪೇಟೆ ಬೆಳೆಸಿದರು. 1918ರಲ್ಲಿ ಮಹಾರ ವತನ ರದ್ದು ಮಾಡಿ, ಬಿಟ್ಟಿ ಚಾಕರಿಯ ಹಗ್ಗ ಕಡಿದರು.

ಅರಮನೆಯ ಚಾಕರಿಯಲ್ಲಿ ಗಂಗಾರಾಮ ಕಾಂಬಳೆ ಅನ್ನುವವರಿದ್ದರು. ಮೇಲ್ಜಾತಿಯವರ ನೀರು ಮುಟ್ಟಿದರು ಅಂತ ಅವರಿಗೆ ಸಿಕ್ಕಾಪಟ್ಟೆ ಹೊಡೆದರು. ಮಹಾರಾಜರು ಹೊಡೆದವರಿಗೆ ಶಿಕ್ಷೆ ಕೊಟ್ಟರು. ಅಷ್ಟಕ್ಕೇ ಬಿಡಲಿಲ್ಲ. ಗಂಗಾರಾಮರು ಇನ್ನು ಯಾರ ಕೈಕೆಳಗೂ ಇರಬಾರದು ಅಂತ ರೊಕ್ಕದ ನೆರವು ಕೊಟ್ಟು ಸ್ವಂತ ಧಂದೆ ಮಾಡಲು ಹೇಳಿದರು. ಕೊಲ್ಹಾಪುರದ ಭಾವುಸಿಂಗಜಿ ರಸ್ತೆಯಲ್ಲಿ ಗಂಗಾರಾಮರು ಚಹಾದ ಹೋಟೆಲ್ ತೆರೆದರು.

ಹೋಟೆಲ್ ಸ್ವಚ್ಛ ಇತ್ತು, ಚಹಾ ಚಲೋ ಇತ್ತು. ಆದರ ಮೇಲ್ಜಾತಿಯ ಮಂದಿ ಹೊಸ್ತಿಲು ತುಳೀಲಿಲ್ಲ. ಇದು ತಿಳಿದ ಮಹಾರಾಜರು ತಮ್ಮ ಗಾಡಿಯನ್ನು ಹೋಟೆಲ್ ಮುಂದೆ ನಿಲ್ಲಿಸಿ, ಎಲ್ಲರ ಕಣ್ಣೆದುರಿಗೆ ಗಂಗಾರಾಮರ ಕೈಯಿಂದ ಚಹಾ ತರಿಸಿಕೊಂಡು ಕುಡಿದರು. ಜೊತೆಗಿದ್ದ ದೊಡ್ಡ ಮಂದಿಗೂ ಕುಡಿಸಿದರು. ರಾಜರೇ ಕುಡಿದ ಮ್ಯಾಲ ಬ್ಯಾಡ ಅನ್ನೋರು ಯಾರು?

1920ರ ಮಾರ್ಚಿನಲ್ಲಿ ಮಾಣಗಾಂವ ಪರಿಷತ್ತಿನಲ್ಲಿ, ಅಸ್ಪೃಶ್ಯರಿಗೆ ಅವರದೇ ನಾಯಕ ಸಿಕ್ಕಿದ್ದಾನೆ ಅಂತ ಬಾಬಾಸಾಹೇಬರನ್ನು ತೋರಿಸಿಕೊಟ್ಟವರೂ ಇದೇ ಮಹಾರಾಜರು. 1922ರ ಮೇ 6ರಂದು ಮುಂಬೈಯಲ್ಲಿ ತೀರಿಕೊಂಡಾಗ ಅವರಿಗೆ 50 ಕೂಡ ತುಂಬಿರಲಿಲ್ಲ.

ಗೆಳೆಯರೇ, ಇವತ್ತು ನಮ್ಮ ಹುಡುಗರು ಖಾನಾವಳಿ, ಕಿರಾಣಿ ಅಂಗಡಿ, ಮೊಬೈಲ್ ರಿಪೇರಿ ಅಂಗಡಿ ಹಾಕ್ತಾರ. ಬ್ಯಾಂಕಿನ ಸಾಲ ಸಿಕ್ಕರೂ ಗಿರಾಕಿ ಬರದಿದ್ದರ ಕಂತು ಕಟ್ಟೋದು ಹ್ಯಾಂಗ? ಬಂಡವಾಳದ ಜೊತಿಗೆ ಗಿರಾಕಿನೂ ಬೇಕು ಅನ್ನೋದನ್ನ ಮಹಾರಾಜರು ಅರಿತಿದ್ದರು. ನಮ್ಮವರ ಅಂಗಡಿಗೆ ಮೊದಲು ನಾವು ಹೋಗೋಣ. ಬಾಜೂ ಓಣಿಯ ಹಿರಿಯರೇ, ನೀವೂ ಬರ್ರಿ, ಕೂತು ಒಂದು ಕಪ್ಪು ಚಹಾ ಕುಡೀರಿ. ಫೋಟೋಕ್ಕ ಹಾಕೋ ಹಾರಕ್ಕಿಂತ ಅದು ದೊಡ್ಡ ಗೌರವ.

ಜೈ ಶಾಹು, ಜೈ ಭೀಮ್.