ಚಳಿಗಾಲದ ಹಕ್ಕಿಗಳ ಲೆಕ್ಕ ಇಟ್ಟ ಸಲೀಂ ಅಲಿ

ನವೆಂಬರ್ ಬಂತೆಂದರೆ ನಮ್ಮ ಕರಾವಳಿಯ ಅಳಿವೆಗಳಿಗೆ ದೂರದೇಶದ ಕಡಲಕಾಗೆಗಳು ಬಂದಿಳಿಯುತ್ತವೆ. ಗದ್ದೆಯ ಹುಣಿಯಲ್ಲಿ ಬಾಲ ಕುಣಿಸುತ್ತಾ ಕುಂಡೆಕುಸ್ಕ ಓಡಾಡುತ್ತದೆ. ಆದಿತ್ಯವಾರ ಬೆಳಕು ಹರಿಯುವ ಮುಂಚೆಯೇ ದುರ್ಬೀನು, ಬುತ್ತಿ, ಒಂದು ನೋಟುಪುಸ್ತಕ ಹಿಡಿದು ಹಕ್ಕಿ ನೋಡಲು ಹೊರಡುವ ಗುಂಪುಗಳು ಈಗ ಊರೂರಲ್ಲೂ ಇವೆ. ದಿನವಿಡೀ ಸುತ್ತುವುದು, ಕಂಡದ್ದನ್ನು ಬರೆಯುವುದು, ಸಂಜೆ ಎಲ್ಲರೂ ಕೂತು ಪಟ್ಟಿ ತಾಳೆ ನೋಡುವುದು. ನಮ್ಮ ದೇಶದ ಸಾಮಾನ್ಯ ಜನರಿಗೆ ಈ ಗೀಳು ಹಿಡಿಸಿದವರಲ್ಲಿ ಮೊದಲ ಹೆಸರು ಸಲೀಂ ಅಲಿಯವರದು. ಅವರು ಹುಟ್ಟಿದ್ದೂ ನವೆಂಬರಿನಲ್ಲೇ, 1896ರ 12ರಂದು, ಮುಂಬೈಯಲ್ಲಿ.

ಸುಲೈಮಾನಿ ಬೋಹ್ರಾ ಕುಟುಂಬದ ಹತ್ತು ಮಕ್ಕಳಲ್ಲಿ ಕಡೆಯವರು. ವರ್ಷ ತುಂಬುವಾಗ ತಂದೆ ಹೋದರು, ಮೂರು ವರ್ಷಕ್ಕೆ ತಾಯಿಯೂ ಹೋದರು. ಮಕ್ಕಳಿಲ್ಲದ ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿ ಮತ್ತು ಅತ್ತೆ ಹಮೀದಾ ಬೇಗಂ ಖೇತ್‌ವಾಡಿಯ ಮನೆಯಲ್ಲಿ ಈ ಯತೀಮ್ ಮಕ್ಕಳನ್ನು ಸಾಕಿದರು. ಮಾವ ಕೊಡಿಸಿದ ಏರ್‌ಗನ್ನಿನಿಂದ ಗುಬ್ಬಿ ಹೊಡೆಯುವುದು ಹುಡುಗನ ಆಟ. ಒಂದು ದಿನ ಬಿದ್ದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡಿತು. ಇದು ಬೇರೆ ಜಾತಿಯೋ, ತಿನ್ನಬಹುದೋ ಬಾರದೋ ಎಂಬ ಅನುಮಾನ ಹುಡುಗನಿಗೆ. ಮಾವನಿಗೂ ಗೊತ್ತಿರಲಿಲ್ಲ. ಗದರಿಸಿ ಸುಮ್ಮನಾಗಿಸುವ ಬದಲು ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಸಾಹೇಬರ ಹತ್ತಿರ ಕಳಿಸಿಕೊಟ್ಟರು. ಸಾಹೇಬರು ಹೆಸರು ಹೇಳಿದ್ದಲ್ಲದೆ, ಹುಲ್ಲು ತುಂಬಿಟ್ಟ ಹಕ್ಕಿಗಳ ಕಪಾಟುಗಳನ್ನೂ ತೆರೆದು ತೋರಿಸಿದರು. ಹುಡುಗನ ದಾರಿ ಅಲ್ಲೇ ತಿರುಗಿತು.

ಶಾಲೆಯಲ್ಲಿ ಮಾತ್ರ ಅವರು ಅಷ್ಟಕ್ಕಷ್ಟೇ. ಗಣಿತ ಎಂದರೆ ಆಗದು. ಕಾಲೇಜು ಬಿಟ್ಟು ಅಣ್ಣನ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಳ್ಳಲು ಬರ್ಮಾದ ತವೋಯ್‌ಗೆ ಹೋದರು. ಅಲ್ಲಿ ವ್ಯಾಪಾರಕ್ಕಿಂತ ಕಾಡೇ ಹೆಚ್ಚು ಸೆಳೆಯಿತು. 1918ರಲ್ಲಿ ತೆಹ್ಮೀನಾ ಬೇಗಂ ಜೊತೆ ನಿಕಾಹ್ ಆಯಿತು. ಜೂವಾಲಜಿಕಲ್ ಸರ್ವೇಯಲ್ಲಿ ಪಕ್ಷಿತಜ್ಞರ ಹುದ್ದೆಗೆ ಅರ್ಜಿ ಹಾಕಿದರೆ, ದೊಡ್ಡ ಪದವಿ ಇಲ್ಲವೆಂಬ ಕಾರಣಕ್ಕೆ ಸಿಗಲಿಲ್ಲ. ಮುಂಬೈ ಮ್ಯೂಸಿಯಂನಲ್ಲಿ ಗೈಡ್ ಕೆಲಸ ಸಿಕ್ಕಿತು. ರಜೆ ಹಾಕಿ ಬರ್ಲಿನ್‌ಗೆ ಹೋಗಿ, ಪ್ರೊಫೆಸರ್ ಸ್ಟ್ರೆಸೆಮನ್ ಕೈಕೆಳಗೆ ಕಲಿತು 1930ರಲ್ಲಿ ವಾಪಸಾದರೆ, ಖರ್ಚು ಉಳಿಸಲು ಆ ಹುದ್ದೆಯನ್ನೇ ತೆಗೆದುಹಾಕಿದ್ದರು.

ಕೆಲಸವಿಲ್ಲದ ಗಂಡ ಹೆಂಡತಿ ಮುಂಬೈ ಎದುರು ದಡದ ಕಿಹಿಮ್ ಎಂಬ ಕಡಲತೀರದ ಹಳ್ಳಿ ಸೇರಿದರು. ಅಲ್ಲಿ ಗೀಜಗನ ಗೂಡುಗಳ ಎದುರು ದಿನಗಟ್ಟಲೆ ಕುಳಿತು ಸಲೀಂ ಅಲಿ ಒಂದು ಸಂಗತಿ ಪತ್ತೆ ಮಾಡಿದರು. ಗಂಡು ಗೀಜಗ ಗೂಡನ್ನು ಅರ್ಧ ಹೆಣೆದು ನಿಲ್ಲಿಸುತ್ತದೆ. ಹೆಣ್ಣು ಬಂದು ಪರೀಕ್ಷೆ ಮಾಡುತ್ತದೆ, ಒಪ್ಪಿಗೆಯಾದರೆ ಮಾತ್ರ ಸಂಸಾರ. ಆಮೇಲೆ ಗಂಡು ಆ ಗೂಡನ್ನು ಪೂರ್ತಿ ಮಾಡಿ ಇನ್ನೊಂದು ಗೂಡು, ಇನ್ನೊಂದು ಸಂಸಾರ ಶುರು ಮಾಡುತ್ತದೆ. ಈ ಬರಹ ಅವರಿಗೆ ದೊಡ್ಡ ಹೆಸರು ತಂದಿತು.

ಮುಂದೆ ಸಂಬಳ ಬೇಡ, ಖರ್ಚು ಕೊಟ್ಟರೆ ಸಾಕು ಎಂದು ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳ ಹಕ್ಕಿ ಸಮೀಕ್ಷೆ ಮಾಡಿದರು. ಡೇರೆಯ ಬದುಕಿನಲ್ಲಿ ತೆಹ್ಮೀನಾ ಜೊತೆಗಾತಿ. ಆಕೆ 1939ರಲ್ಲಿ ಒಂದು ಸಣ್ಣ ಆಪರೇಷನ್ ಆದ ಬಳಿಕ ತೀರಿಕೊಂಡರು. ಮಕ್ಕಳಿರಲಿಲ್ಲ. ತಂಗುವ ಮನೆ ಕೊಟ್ಟದ್ದು ಅಕ್ಕ ಮತ್ತು ಭಾವ. ಆ ದುಃಖದ ಬೆನ್ನಿಗೇ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟಿದ ಹಕ್ಕಿಗಳನ್ನು ನೋಡಿ, ಆ ಜಾಗ ಉಳಿಸಬೇಕೆಂದು ಒಡೆಯರ ಸರಕಾರಕ್ಕೆ ಸಲಹೆ ಕೊಟ್ಟರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಮರುವರ್ಷವೇ ಅವರ ಹಕ್ಕಿ ಪುಸ್ತಕ ಹೊರಬಂತು. ಸಾಮಾನ್ಯ ಓದುಗ ಕೈಯಲ್ಲಿ ಹಿಡಿದು ಗದ್ದೆಗೆ ಹೋಗಬಹುದಾದ ಪುಸ್ತಕ ಅದು.

ನಮ್ಮ ನಾಡಿನ ಇನ್ನೊಂದು ಸಂಕಟಕ್ಕೂ ಅವರ ಕೆಲಸಕ್ಕೂ ನಂಟಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜ್ವರ ಬಂದು ಜನರೂ ಸತ್ತರು. ಬೆಳ್ತಂಗಡಿ ಕಡೆಗೆ 1980ರ ದಶಕದಲ್ಲಿ ಬಂದ ಮಂಗನ ಕಾಯಿಲೆ ಅದೇ. ಉಣ್ಣಿಯಿಂದ ಹರಡುವ ಈ ವೈರಸ್ ರಷ್ಯಾದ ಒಂದು ಕಾಯಿಲೆಯ ವೈರಸ್ಸನ್ನು ಹೋಲುತ್ತಿತ್ತು. ಚಳಿಗಾಲದಲ್ಲಿ ಅತ್ತಲಿಂದ ಬರುವ ಹಕ್ಕಿಗಳೇ ಉಣ್ಣಿ ಹೊತ್ತು ತಂದವೇ? ಇದನ್ನು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆ ನೆರವು ಕೊಟ್ಟಿತು. ಹಕ್ಕಿ ಹಿಡಿದು ಕಾಲಿಗೆ ನಂಬರಿನ ಬಳೆ ಹಾಕಿ ಬಿಡುವ ಕೆಲಸ ಸಲೀಂ ಅಲಿಯವರ ನೇತೃತ್ವದಲ್ಲಿ ದೊಡ್ಡದಾಗಿ ಬೆಳೆಯಿತು. ಇದರಲ್ಲಿ ಅವರಿಗೆ ಬಲಗೈಯಾದವರು ಬಿಹಾರದ ಮೀರ್‌ಶಿಕಾರಿಗಳು. ತಲೆತಲಾಂತರದಿಂದ ಹಕ್ಕಿ ಹಿಡಿದು ಹೊಟ್ಟೆ ಹೊರೆದ ಬಡ ಮುಸ್ಲಿಮರ ಕೈಚಳಕ ವಿಜ್ಞಾನಕ್ಕೆ ಒದಗಿತು. ಕಾಯಿಲೆ ತಂದ ಅಪವಾದ ಹಕ್ಕಿಗಳ ಮೇಲೆ ಸಾಬೀತಾಗಲಿಲ್ಲ. ಆದರೆ ಭರತ್‌ಪುರದಲ್ಲಿ ಬಳೆ ತೊಟ್ಟ ಬಾತುಗಳು ಸೈಬೀರಿಯಾದಲ್ಲಿ ಸಿಕ್ಕಿ, ಅವುಗಳ ದಾರಿ ತಿಳಿಯಿತು.

ಭರತ್‌ಪುರದ ಕೆರೆ ಉಳಿದದ್ದರಲ್ಲಿ ಅವರ ಪಾಲು ದೊಡ್ಡದು. ಅಲ್ಲಿಯದೇ ಒಂದು ನೋವನ್ನೂ ಹೇಳಬೇಕು. ಎಮ್ಮೆ ಮೇಯಿಸುವುದು ನಿಲ್ಲಲಿ ಎಂಬ ಪಕ್ಷ ಅವರದು. 1982ರಲ್ಲಿ ಸರಕಾರ ನಿಷೇಧ ಹಾಕಿದಾಗ ಹಳ್ಳಿಯವರು ಎದುರುನಿಂತರು. ಪೊಲೀಸರ ಗುಂಡಿಗೆ ಜೀವಗಳು ಹೋದವು. ಎಮ್ಮೆಗಳಿಲ್ಲದೆ ಹುಲ್ಲು ಬೆಳೆದು ಕೆರೆ ಮುಚ್ಚಿತು, ನೀರುಹಕ್ಕಿಗಳಿಗೇ ತೊಂದರೆಯಾಯಿತು ಎಂದು ಕಡೆಗೆ ಹೇಳಿದ್ದು ಅವರದೇ ಸೊಸೈಟಿಯ ದೀರ್ಘ ಅಧ್ಯಯನ. ಊರವರನ್ನು ಹೊರಗಿಟ್ಟು ಹಕ್ಕಿ ಉಳಿಸಲಾಗದು ಎಂಬ ಪಾಠವನ್ನು ನಾವು ಅಲ್ಲಿಂದ ಕಲಿಯಬೇಕು.

ಡಿಲನ್ ರಿಪ್ಲಿ ಜೊತೆ ಬರೆದ ಹತ್ತು ಸಂಪುಟಗಳ ಗ್ರಂಥ 1974ಕ್ಕೆ ಮುಗಿಯಿತು. 1976ರಲ್ಲಿ ಪದ್ಮವಿಭೂಷಣ ಬಂತು. ಗೆಟ್ಟಿ ಪ್ರಶಸ್ತಿಯ ಹಣದಿಂದ ಪ್ರಕೃತಿ ರಕ್ಷಣೆಗೆ ನಿಧಿ ಮಾಡಿದರು. ಪದವಿ ಇಲ್ಲವೆಂದು ಕೆಲಸ ಸಿಗದವರಿಗೆ ಅಲಿಗಢ, ದೆಹಲಿ ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ಕೊಟ್ಟವು. 1985ರಲ್ಲಿ ರಾಜ್ಯಸಭೆಗೂ ನಾಮಕರಣವಾಯಿತು. 1987ರ ಜೂನ್ 20ರಂದು, 90ನೇ ವಯಸ್ಸಿನಲ್ಲಿ, ಮುಂಬೈಯಲ್ಲಿ ತೀರಿಕೊಂಡರು.

ಈ ಚಳಿಗಾಲ ನಮ್ಮ ಮಕ್ಕಳು ಅಂಗಳಕ್ಕೆ ಬಂದ ಯಾವುದೋ ಹಕ್ಕಿ ತೋರಿಸಿ ಹೆಸರು ಕೇಳಿದರೆ, ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಅಮೀರುದ್ದೀನ್ ಮಾವನಿಗೂ ಗೊತ್ತಿರಲಿಲ್ಲ. ಗೊತ್ತಿರುವವರ ಹತ್ತಿರ ಕರೆದುಕೊಂಡು ಹೋದರೆ ಆಯಿತು.