ಆಂಟೆನಾ ಮೇಡಂ ರಾಜೇಶ್ವರಿ ಚಟರ್ಜಿ

ನಮ್ಮ ಹಲವಾಗಲಿನಲ್ಲಿ ಈಗ ಮನೆಮನೆಗೂ ಡಿಶ್ ಬಂದಿದೆ. ಆದರೂ ಹಳೇ ಮಾಳಿಗೆ ಮನೆಗಳ ಮೇಲೆ ಅಲ್ಲೊಂದು ಇಲ್ಲೊಂದು ಅಲ್ಯೂಮಿನಿಯಂ ಕೊಳವೆಗಳ ಟೀವಿ ಆಂಟೆನಾ ಸೊಟ್ಟಗೆ ನಿಂತಿರುತ್ತದೆ. ಅಪ್ಪ ಚಿಕ್ಕವರಿದ್ದಾಗ ಚಿತ್ರ ಸರಿಯಾಗಿ ಬರದಿದ್ದರೆ ಒಬ್ಬರು ಮೇಲೆ ಹತ್ತಿ ಕಂಬ ತಿರುಗಿಸೋದು, ಇನ್ನೊಬ್ಬರು ಕೆಳಗಿನಿಂದ ಕೂಗಿ ಹೇಳೋದು ನಡೀತಿತ್ತಂತೆ. ಅಷ್ಟು ಕೊಳವೆ ಯಾಕೆ, ಒಂದೇ ದಿಕ್ಕಿಗೆ ಯಾಕೆ ತಿರುಗಿಸಬೇಕು? ಇಂಥ ಪ್ರಶ್ನೆಗಳ ಹಿಂದೆಯೇ ಆಯುಷ್ಯ ಕಳೆದ ನಮ್ಮ ನಾಡಿನ ಹೆಣ್ಣುಮಗಳೊಬ್ಬರ ಕಥೆ ಇದು.

ರಾಜೇಶ್ವರಿಯವರು 1922ರ ಜನವರಿ 24ರಂದು ಜನಿಸಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಹಳೇ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರು, ಗಂಡ ಬಿಟ್ಟವರು ಓದು ಕಲಿಯಲಿ ಅಂತ ದುಡಿದವರು. ಆ ಅಜ್ಜಿ ಕಟ್ಟಿದ ಶಾಲೆಯಲ್ಲೇ ಮೊಮ್ಮಗಳ ಓದು. ಮುಂದೆ ಇತಿಹಾಸ ತಗೊಳ್ಳಲೋ ಗಣಿತ ತಗೊಳ್ಳಲೋ ಎಂದು ಯೋಚಿಸಿ ಗಣಿತ ಹಿಡಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಆನರ್ಸ್, ಎಂ.ಎಸ್ಸಿ. ಎರಡರಲ್ಲೂ ಮೈಸೂರು ವಿಶ್ವವಿದ್ಯಾನಿಲಯಕ್ಕೇ ಮೊದಲಿಗರಾದರು.

ಆಮೇಲೆ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಬೇಕೆಂದು ಹೋದರು. ಭೌತಶಾಸ್ತ್ರದ ಪದವಿ ಇಲ್ಲವೆಂದು ರಾಮನ್ ಒಪ್ಪಲಿಲ್ಲ. ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ ಅಂತಲೂ ಹೇಳುತ್ತಾರೆ. ರಾಮನ್ ಅಂದರೆ ನಮಗೆಲ್ಲ ಗೌರವ, ಆದರೆ ಇದನ್ನು ತಿಳಿದು ನನಗೆ ಬೇಜಾರಾಯಿತು. ರಾಜೇಶ್ವರಿ ಮಾತ್ರ ಮನೆಗೆ ಹೋಗಿ ಕೂರಲಿಲ್ಲ. 1943ರಲ್ಲಿ ಅದೇ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ವಿಭಾಗಕ್ಕೆ ಸೇರಿದರು. ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ 1947ರಲ್ಲಿ ಹಡಗು ಹತ್ತಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಎಂಜಿನಿಯರಿಂಗ್ ಓದಿ, 1953ರಲ್ಲಿ ಡಾಕ್ಟರೇಟ್ ಪಡೆದು ವಾಪಸು ಬಂದು, ವಿಜ್ಞಾನ ಸಂಸ್ಥೆಯಲ್ಲಿ ಮೇಡಂ ಆದರು. ಅದೇ ವರ್ಷ ಅಲ್ಲೇ ಪಾಠ ಮಾಡುತ್ತಿದ್ದ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ಗಂಡ ಹೆಂಡತಿ ಸೇರಿ ಮೈಕ್ರೋವೇವ್ ಅಲೆಗಳ ಪ್ರಯೋಗಾಲಯ ಕಟ್ಟಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ಕರೆಯುತ್ತಾರೆ.

ಈಗ ಅವರ ಕೆಲಸ ಏನು ಅಂತ ನೋಡೋಣ. ಬುಡ್ಡಿ ದೀಪದ ಬೆಳಕು ಸುತ್ತಲೂ ಹರಡುತ್ತದೆ, ಬ್ಯಾಟರಿ ಬೆಳಕು ಒಂದೇ ಕಡೆ ಹೋಗುತ್ತದೆ. ರೇಡಿಯೋ ಅಲೆಯನ್ನೂ ಹಾಗೆ ಒಂದೇ ಕಡೆ ಕಳಿಸಬೇಕಾದರೆ ಹಲವು ಆಂಟೆನಾಗಳನ್ನು ಸಾಲಾಗಿ ನಿಲ್ಲಿಸಬೇಕು. ಕೊಟ್ಟೂರ ತೇರು ಎಳೆಯೋದನ್ನು ನೋಡಿದ್ದೀರಲ್ಲ? ಎಲ್ಲರೂ ಒಂದೇ ಸಲ ಮಿಣಿ ಜಗ್ಗಿದರೆ ತೇರು ಕದಲುತ್ತದೆ. ಅದೇ ರೀತಿ ಎಲ್ಲ ಆಂಟೆನಾಗಳ ಅಲೆಗಳು ಮುಂದಿನ ದಿಕ್ಕಿಗೆ ಹೆಜ್ಜೆ ಕೂಡಿಸಿದರೆ ಅಲ್ಲಿ ಬಲ ಹೆಚ್ಚುತ್ತದೆ, ಬೇರೆ ಕಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಯಾವ ಕಡೆ ಎಷ್ಟು ಬಲ ಅಂತ ಅಳೆದು ಕಾಗದದ ಮೇಲೆ ಗೆರೆ ಎಳೆದರೆ ಹೂವಿನ ದಳದಂತೆ ಕಾಣುತ್ತದೆ. ಮುಂದೆ ಒಂದು ದೊಡ್ಡ ದಳ, ಅಕ್ಕಪಕ್ಕ ಸಣ್ಣ ದಳಗಳು. ಸಣ್ಣವು ಅಂದರೆ ಪಕ್ಕಕ್ಕೆ ಸೋರಿಹೋದ ಶಕ್ತಿ.

ತೊಂದರೆ ಎಲ್ಲಿ ಅಂದರೆ, ಒಂದೊಂದು ಆಂಟೆನಾಕ್ಕೂ ಬೇರೆ ತಂತಿ, ಬೇರೆ ಬೆಸುಗೆ, ಬೇರೆ ಲೆಕ್ಕ ಬೇಕು. ಬೆಂಗಳೂರಿನ ಆಚೆ ಗೌರಿಬಿದನೂರಿನಲ್ಲಿ 1976ರಲ್ಲಿ ಕೆಲಸ ಶುರುಮಾಡಿದ ರೇಡಿಯೋ ದೂರದರ್ಶಕದಲ್ಲಿ ಸಾವಿರ ಆಂಟೆನಾಗಳಿದ್ದವು. ಹೊಲದಲ್ಲಿ ಅದು ನಡೆದೀತು, ವಿಮಾನದ ಮೂತಿಯಲ್ಲಿ ಎಲ್ಲಿ ಇಡೋದು? ನಮ್ಮ ಮಾಳಿಗೆ ಆಂಟೆನಾದಲ್ಲಿ ಒಂದು ಉಪಾಯವಿದೆ, ಹತ್ತಿ ನೋಡಿ. ತಂತಿ ಸೇರಿರೋದು ಒಂದೇ ಕೊಳವೆಗೆ. ಉಳಿದವು ಸುಮ್ಮನೆ ನಿಂತಿದ್ದರೂ, ಉದ್ದ ಮತ್ತು ಅಂತರ ಸರಿಯಾಗಿರೋದರಿಂದಲೇ ಕೆಲಸ ಮಾಡುತ್ತವೆ.

ಚಟರ್ಜಿ ದಂಪತಿಗಳು ಅಭ್ಯಾಸ ಮಾಡಿದ ಆಂಟೆನಾಗಳಲ್ಲಿ ಒಂದು ಇನ್ನೂ ಸರಳ. ವಿದ್ಯುತ್ ಹರಿಯದ ಪ್ಲಾಸ್ಟಿಕ್‌ನಂಥ ವಸ್ತುವಿನ ಒಂದು ಕಡ್ಡಿ, ಅಷ್ಟೇ! ಅಲೆ ಮೂರು ಸೆಂಟಿಮೀಟರಿನದಾದರೆ ಗೇಣುದ್ದದ ಕಡ್ಡಿ ಸಾಕು. ಬುಡದಲ್ಲಿ ಒಂದೇ ಕಡೆ ಅಲೆ ಕೊಟ್ಟರೆ ಅದು ಕಡ್ಡಿಗುಂಟ ತೆವಳಿಕೊಂಡು ಹೋಗಿ ತುದಿಯಿಂದ ಮುಂದಕ್ಕೆ ಚಿಮ್ಮುತ್ತದೆ. ಸಾಲು ಆಂಟೆನಾಗಳ ಕೆಲಸವನ್ನು ಒಂಟಿ ಕಡ್ಡಿ ಮಾಡುತ್ತದೆ. ಆದರೆ ಸುಲಭ ಅಂದುಕೊಳ್ಳಬೇಡಿ. ಕಡ್ಡಿ ತೆಳ್ಳಗಾದರೆ ಅಲೆಯನ್ನು ಹಿಡಿಯೋದಿಲ್ಲ, ದಪ್ಪಗಾದರೆ ಪಕ್ಕದ ದಳಗಳು ಬೆಳೆಯುತ್ತವೆ, ಬಹಳ ಉದ್ದವಾದರೆ ಅಲೆಗಳ ಹೆಜ್ಜೆ ತಪ್ಪುತ್ತದೆ. ತುದಿ ಚೂಪು ಮಾಡುತ್ತಾ ಬಂದರೆ ಸೋರಿಕೆ ಕಡಿಮೆಯಾಗುತ್ತದೆ. ಇದನ್ನೆಲ್ಲ ಲೆಕ್ಕದಿಂದ ಹಿಡಿಯಬೇಕು. ಗಣಿತ ಓದಿದ್ದು ಅವರಿಗೆ ಇಲ್ಲಿ ಕೈಹಿಡಿಯಿತು ಅಂತ ನನಗೆ ಅನ್ನಿಸುತ್ತದೆ.

ಅವರ ಕೈಕೆಳಗೆ 20 ಮಂದಿ ಡಾಕ್ಟರೇಟ್ ಪಡೆದರು. ನೂರಕ್ಕೂ ಹೆಚ್ಚು ಸಂಶೋಧನಾ ಲೇಖನ, ಏಳು ಪುಸ್ತಕ ಬರೆದರು. ಇಂಥ ಆಂಟೆನಾಗಳ ಮೇಲೇ ಒಂದು ದಪ್ಪ ಪುಸ್ತಕವಿದೆ. ವಿಭಾಗದ ಮುಖ್ಯಸ್ಥರೂ ಆಗಿದ್ದರು. 1982ರಲ್ಲಿ ನಿವೃತ್ತರಾದ ಮೇಲೆ ಮಹಿಳಾ ಅಧ್ಯಯನದ ಸಂಘದ ಕೆಲಸಕ್ಕೆ ಇಳಿದರು. ಹುಡುಗಿಯಾಗಿದ್ದಾಗ ಬಿಟ್ಟುಬಂದ ಇತಿಹಾಸವನ್ನೂ ಮರೆತಿರಲಿಲ್ಲ, ತಮ್ಮ ಮನೆತನದ ಕಥೆಯನ್ನೇ ಪುಸ್ತಕವಾಗಿ ಬರೆದರು. 2010ರ ಸೆಪ್ಟೆಂಬರ್ 3ರಂದು, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಆಗ ನಮ್ಮ ತರಗತಿಯಲ್ಲಿ ಯಾರೂ ಹುಟ್ಟಿರಲಿಲ್ಲ.